ಹೊಳೆಯ ಗುಂಟ ಸೈಕಲ್: ಪುಣೆಯ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಕೋಥ್ರೂಡ, ಕಾತ್ರಜ್, ಪಿಂಪ್ರಿ ಕಡೆಯ ನಾವು ಕೆಲವರು ವರ್ಷಕ್ಕೆ ಮೂರು ನಾಲ್ಕು ಸಲ ಸೈಕಲ್ಲಿಗೆ ಚೀಲ ಕಟ್ಟಿಕೊಂಡು ಊರೂರು ಅಲೆಯಲು ಹೊರಡುತ್ತೇವೆ. ಹೊಸದಾಗಿ ಸೇರುವವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಪ್ರತಿ ಸಲ ಬಾಯಿಪಾಠ ಒಪ್ಪಿಸುವ ಬದಲು ಈ ಸಲ ಬರೆದಿಟ್ಟಿದ್ದೇನೆ. ನನ್ನ ಊರು ಇಂಡಿ ತಾಲ್ಲೂಕಿನ ಭೀಮಾ ದಂಡೆ. ಉತ್ತರಗಳಲ್ಲಿ ಹೊಳೆಯ ಪಕ್ಷಪಾತ ಕಂಡರೆ ಅದಕ್ಕೆ ಅದೇ ಕಾರಣ.

ಬೆಂಗಳೂರು ಹೆದ್ದಾರಿ ಅಷ್ಟು ಚೆನ್ನಾಗಿರುವಾಗ ಹೊಳೆಯ ದಾರಿ ಹಿಡಿಯುವುದೇಕೆ?

ಹೆದ್ದಾರಿ ನದಿಗಳಿಗೆ ಅಡ್ಡಲಾಗಿ ಹೋಗುತ್ತದೆ, ಅದಕ್ಕೆ. ಸಹ್ಯಾದ್ರಿಯಿಂದ ಪೂರ್ವಕ್ಕೆ ಚಾಚಿದ ಗುಡ್ಡಸಾಲುಗಳ ನಡುವೆ ಒಂದೊಂದು ಕಣಿವೆ, ಕಣಿವೆಗೊಂದು ನದಿ. ಪುಣೆಯಿಂದ ದಕ್ಷಿಣಕ್ಕೆ ಹೊರಟವನು ಈ ಸಾಲುಗಳನ್ನು ಒಂದೊಂದಾಗಿ ಹತ್ತಿ ಇಳಿಯಲೇಬೇಕು. ಕಾತ್ರಜ್ ಘಾಟ್ ದಾಟಿದರೆ ನೀರಾ ನದಿಯ ಸೀಮೆ, ಖಂಬಾಟಕಿ ಘಾಟ್ ದಾಟಿದರೆ ಕೃಷ್ಣೆಯ ಸೀಮೆ. ಕಾರಿನಲ್ಲಿ ಕೂತವರಿಗೆ ಇದು ಗೊತ್ತಾಗುವುದಿಲ್ಲ. ಸೈಕಲ್ ತುಳಿಯುವವನ ತೊಡೆಗಳಿಗೆ ಗೊತ್ತಾಗುತ್ತದೆ.

ಒಮ್ಮೆ ಒಂದು ಕಣಿವೆಯೊಳಗೆ ಇಳಿದು ನದಿಯ ಜೊತೆ ತಿರುಗಿಕೊಂಡಿರೋ, ಏರು ಮುಗಿಯಿತು. ಊರುಗಳೂ ಅಲ್ಲೇ ಇವೆ. ವಾಯಿ, ಮಾಹುಲಿ, ಕರಾಡ, ಪಂಢರಪುರ ಎಲ್ಲವೂ ನೀರಿನ ಪಕ್ಕದಲ್ಲಿ ಬೆಳೆದವು. ಹೆದ್ದಾರಿಯ ಪಕ್ಕ ಬೆಳೆದದ್ದು ಢಾಬಾ ಮತ್ತು ಪೆಟ್ರೋಲ್ ಬಂಕ್. ಇನ್ನೊಂದು ಮಾತು: ಈ ಹೊಳೆಗಳೆಲ್ಲ ನಮ್ಮ ಕಡೆಗೇ ಹರಿಯುತ್ತವೆ. ಪುಣೆಯ ಸಂಗಮದಲ್ಲಿ ಒಂದಾಗುವ ಮುಳಾ ಮತ್ತು ಮುಠಾ ಮುಂದೆ ಭೀಮೆಯನ್ನು ಕೂಡಿ ಕಲಬುರಗಿ ಸೀಮೆಗೆ ಬರುತ್ತವೆ. ಲಕಡಿ ಪೂಲ್ ಮೇಲೆ ನಿಂತು ಕೆಳಗಿನ ಕಪ್ಪು ನೀರು ನೋಡಿದಾಗ ಇದು ನಮ್ಮೂರ ಹೊಲಕ್ಕೆ ಹೋಗುವ ನೀರು ಎಂದು ನಂಬುವುದು ಕಷ್ಟ. ಆದರೂ ಅದು ನಿಜ.

ಮೊದಲ ಸಲ ಎಲ್ಲಿಗೆ ಹೋಗಬೇಕು?

ಇಂದ್ರಾಯಣಿ ಕಣಿವೆಗೆ. ದೇಹೂ, ತಳೇಗಾವ್, ಕಾಮಶೇತ್ ದಾಟಿ ಕಾರ್ಲಾದವರೆಗೆ ಘಾಟ್ ಎನ್ನುವಂಥದ್ದೇನೂ ಇಲ್ಲ. ಮಳೆ ನಿಂತ ಮೇಲೆ ಹೋದರೆ ಎರಡೂ ಬದಿಯಲ್ಲಿ ಭತ್ತದ ಗದ್ದೆ. ಪೇಟೆಯಲ್ಲಿ ಇಂದ್ರಾಯಣಿ ಅಕ್ಕಿ ಎಂದು ಮಾರುತ್ತಾರಲ್ಲ, ಅದು ಪುಣೆಯ ಪಶ್ಚಿಮದ ಗುಡ್ಡಸೀಮೆಯಾದ ಮಾವಳದ ಈ ಕಣಿವೆಗಳ ಬೆಳೆ. ತುಕಾರಾಮರ ದೇಹೂ ಹೋಗುವಾಗಲೇ ಸಿಗುತ್ತದೆ. ಜ್ಞಾನೇಶ್ವರರು 1296ರಲ್ಲಿ ಸಮಾಧಿಸ್ಥರಾದ ಆಳಂದಿ ಅದೇ ಹೊಳೆಯ ಕೆಳಗಿನ ದಂಡೆಯಲ್ಲಿದೆ. ಅದನ್ನು ಬೇರೆ ದಿನಕ್ಕೆ ಇಟ್ಟುಕೊಳ್ಳಿ.

ಕಾರ್ಲಾದಲ್ಲಿ ಸೈಕಲ್ಲನ್ನು ಕೆಳಗೆ ಬೀಗ ಹಾಕಿ ಮೆಟ್ಟಿಲು ಹತ್ತಿ. ಭಾರತದ ಬಂಡೆ ಕೊರೆದ ಚೈತ್ಯಗಳಲ್ಲಿ ಅತಿ ದೊಡ್ಡದು ಅಲ್ಲಿದೆ. ಬಾಗಿಲ ಬಳಿಯ ಬ್ರಾಹ್ಮಿ ಶಾಸನವೊಂದು, ಜಂಬೂದ್ವೀಪದಲ್ಲೇ ಉತ್ತಮವಾದ ಈ ಶಿಲಾಮಂದಿರವನ್ನು ಪೂರ್ಣಗೊಳಿಸಿದವನು ವೈಜಯಂತಿಯ ಶ್ರೇಷ್ಠಿ ಭೂತಪಾಲ ಎನ್ನುತ್ತದೆ. ವೈಜಯಂತಿ ಎಂದರೆ ನಮ್ಮ ಬನವಾಸಿ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಎರಡು ಸಾವಿರ ವರ್ಷಗಳ ಹಿಂದೆ ಬನವಾಸಿಯ ಸೆಟ್ಟಿ ಇಲ್ಲಿಯವರೆಗೆ ಬಂದು ಹಣ ಸುರಿದನೆಂದ ಮೇಲೆ, ಗೇರ್ ಇರುವ ಸೈಕಲ್ಲಿನಲ್ಲಿ ಕೋಥ್ರೂಡದಿಂದ ಬಂದು ನಾವು ಆಯಾಸವಾಯಿತು ಎನ್ನಬಾರದು.

ಜೇಜುರಿ ಒಂದೇ ದಿನದಲ್ಲಿ ಆಗುತ್ತದೆಯೇ?

ಹೋಗಲು ಐವತ್ತು, ಬರಲು ಐವತ್ತು ಕಿಲೋಮೀಟರ್. ಆಗುತ್ತದೆ, ಆದರೆ ಸಾಸವಡದಲ್ಲಿ ಉಳಿದರೆ ಒಳ್ಳೆಯದು. ಹಡಪ್ಸರ್ ಕಡೆಯಿಂದ ದಿವೆ ಘಾಟ್, ಕೊಂಢ್ವಾ ಕಡೆಯಿಂದ ಬೋಪದೇವ್ ಘಾಟ್. ದಿವೆ ಘಾಟ್ ಏರುವಾಗ ಕೆಳಗೆ ಮಸ್ತಾನಿ ಕೆರೆ ಕಾಣುತ್ತದೆ; ಅದನ್ನು ನೋಡುವ ನೆಪದಲ್ಲಿ ಉಸಿರು ಹಿಡಿದುಕೊಳ್ಳಬಹುದು. ಸಾಸವಡದಲ್ಲಿ ಕರ್‍ಹಾ ನದಿಯ ದಂಡೆಯ ಸಂಗಮೇಶ್ವರ ಗುಡಿ, ಜ್ಞಾನೇಶ್ವರರ ತಮ್ಮ ಸೋಪಾನದೇವರ ಸಮಾಧಿ ಇವೆ. ಪಕ್ಕದಲ್ಲೇ ಪುರಂದರ ಕೋಟೆ. 1665ರಲ್ಲಿ ಶಿವಾಜಿ ಮತ್ತು ಮೊಗಲ ಸೇನಾಪತಿ ಜಯಸಿಂಗರ ಒಪ್ಪಂದಕ್ಕೆ ಹೆಸರು ಕೊಟ್ಟದ್ದು ಇದೇ ಕೋಟೆ.

ಜೇಜುರಿಯ ಖಂಡೋಬಾ ಬೇರೆ ಯಾರೂ ಅಲ್ಲ, ನಮ್ಮ ಮೈಲಾರಲಿಂಗ. ಮೆಟ್ಟಿಲ ಮೇಲೆ ಭಂಡಾರ ಎರಚುತ್ತ ಭಕ್ತರು ಕೂಗುವ ‘ಯೇಳಕೋಟ’ ಕೇಳಿಸಿಕೊಳ್ಳಿ. ಅದು ನಮ್ಮ ‘ಏಳುಕೋಟಿ’. ನನ್ನ ಜೊತೆ ಬಂದಿದ್ದ ರಾಣೆಬೆನ್ನೂರಿನ ಗೆಳೆಯರು ಅಲ್ಲಿ ತಾವೂ ಒಂದು ಕೂಗು ಹಾಕಿದರು. ಪಕ್ಕದ ಅಜ್ಜಿ ಅವರ ಹಣೆಗೂ ನನ್ನ ಸೈಕಲ್ಲಿನ ಹ್ಯಾಂಡಲ್ಲಿಗೂ ಅರಿಶಿನ ಹಚ್ಚಿದರು. ಆ ಹಳದಿ ಹಿಡಿಕೆಯ ಟೇಪಿನಿಂದ ಇನ್ನೂ ಹೋಗಿಲ್ಲ.

ವಾಯಿಗೆ ಹೋಗಲು ಖಂಬಾಟಕಿ ಒಳ್ಳೆಯದೋ, ಮಾಂಢರದೇವಿ ಘಾಟ್ ಒಳ್ಳೆಯದೋ?

ಖಂಬಾಟಕಿ ಸುಲಭ, ಆದರೆ ಲಾರಿಗಳ ಜೊತೆ. ಶಿರವಳದಲ್ಲಿ ನೀರಾ ದಾಟಿ, ಘಾಟ್ ಏರಿಳಿದು, ಸುರೂರಿನಲ್ಲಿ ಬಲಕ್ಕೆ ತಿರುಗಿದರೆ ವಾಯಿ. ಎಲ್ಲ ಸೇರಿ ತೊಂಬತ್ತು ಕಿಲೋಮೀಟರ್ ಒಳಗೆ. ಸುರಂಗದೊಳಗೆ ಮಾತ್ರ ಸೈಕಲ್ ನುಗ್ಗಿಸಬೇಡಿ.

ನನ್ನ ಮತ ಮಾಂಢರದೇವಿಗೆ. ಕಾಪೂರಹೋಳದಲ್ಲಿ ಹೆದ್ದಾರಿ ಬಿಟ್ಟು ಭೋರ್ ಸೇರಿ. ಸಂಸ್ಥಾನದ ಕಾಲದ ಅರಮನೆ, ನೀರಾ ದಂಡೆ, ಹಳೆಯ ಪೇಟೆ ಎಲ್ಲ ಇರುವ ಆ ಊರಿನಲ್ಲಿ ರಾತ್ರಿ ಉಳಿಯಿರಿ. ಹತ್ತಿರದಲ್ಲೇ 1928ರಲ್ಲಿ ಉದ್ಘಾಟನೆಯಾದ ಭಾಟಘರ್ ಅಣೆಕಟ್ಟು. ಬೆಳಿಗ್ಗೆ ಚಹಾ ಕುಡಿದು ಏರು ಶುರು ಮಾಡಿ. ಏರು ಉದ್ದ, ಕೆಲವೆಡೆ ಸೈಕಲ್ಲಿನಿಂದ ಇಳಿದು ತಳ್ಳಬೇಕಾಗುತ್ತದೆ, ಅದರಲ್ಲಿ ನಾಚಿಕೆಯೇನೂ ಇಲ್ಲ. ಈ ಗುಡ್ಡಸಾಲಿನ ನೆತ್ತಿಯೇ ಭೀಮಾ ಮತ್ತು ಕೃಷ್ಣಾ ಜಲಾನಯನಗಳ ಗಡಿ. ಉತ್ತರಕ್ಕೆ ಬಿದ್ದ ಹನಿ ನೀರೆಯನ್ನು ಸೇರಿ ಭೀಮೆಗೆ ಹೋಗುತ್ತದೆ, ದಕ್ಷಿಣಕ್ಕೆ ಬಿದ್ದದ್ದು ಕೃಷ್ಣೆಗೆ. ಬೇರೆಯಾದ ಎರಡು ಹನಿಗಳೂ ಮತ್ತೆ ಒಂದಾಗುವುದು ರಾಯಚೂರು ಜಿಲ್ಲೆಯಲ್ಲಿ.

ವಾಯಿ ಕಡೆಯ ಇಳಿಜಾರಿನಲ್ಲಿ ಬ್ರೇಕನ್ನು ಒತ್ತಿಯೇ ಹಿಡಿಯಬೇಡಿ. ಒತ್ತಿ ಬಿಡಿ, ಮತ್ತೆ ಒತ್ತಿ ಬಿಡಿ. ಸವೆದ ಬ್ರೇಕ್ ಪ್ಯಾಡ್ ಇಟ್ಟುಕೊಂಡು ನಾನು ಒಮ್ಮೆ ಇಳಿದೆ. ಮೂರನೆಯ ತಿರುವಿನಲ್ಲಿ ಲೋಹಕ್ಕೆ ಲೋಹ ಉಜ್ಜುವ ಸದ್ದು ಬಂತು. ಉಳಿದ ದಾರಿಯನ್ನು ನಡೆದೇ ಇಳಿದೆ. ಜನವರಿಯಲ್ಲಿ ಮಾಂಢರದೇವಿಯ ಕಾಳೂಬಾಯಿ ಜಾತ್ರೆಯ ದಿನಗಳಿದ್ದರೆ ಈ ದಾರಿಯನ್ನೇ ಮರೆತುಬಿಡಿ.

ವಾಯಿಯಲ್ಲಿ ನೋಡಲು ಒಂದು ಗಂಟೆ ಸಾಕಲ್ಲವೇ?

ಸಾಲದು. ಈ ಪ್ರಶ್ನೆ ಕೇಳಿದವರನ್ನು ನಾನು ಕರೆದುಕೊಂಡೇ ಹೋಗುವುದಿಲ್ಲ ಎಂದು ತಮಾಷೆಗೆ ಹೇಳುತ್ತೇನೆ.

ಮೊದಲು ಢೋಲ್ಯಾ ಗಣಪತಿ. 1762ರಲ್ಲಿ ಗಣಪತರಾವ್ ಭಿಕಾಜಿ ರಾಸ್ತೆ ಕಟ್ಟಿಸಿದ ಗುಡಿ. ಎಲ್ಲರೂ ಎದುರಿನಿಂದ ಕೈಮುಗಿದು ಹೋಗುತ್ತಾರೆ. ನೀವು ಹಿಂದಕ್ಕೆ ಹೋಗಿ ನೋಡಿ. ಹಿಂಗೋಡೆಯನ್ನು ಮೀನಿನ ಆಕಾರದಲ್ಲಿ ಚೂಪಾಗಿ ಕಟ್ಟಿದ್ದಾರೆ. ಕೃಷ್ಣೆ ಉಕ್ಕಿ ಬಂದಾಗ ನೀರು ಅಲ್ಲಿ ಸೀಳಿ ಎರಡೂ ಬದಿಗೆ ಹರಿದು ಹೋಗಲಿ ಎಂಬ ಲೆಕ್ಕ. ಹೊಳೆಯ ಜೊತೆ ಜಗಳಕ್ಕೆ ನಿಲ್ಲದೆ ದಾರಿ ಬಿಟ್ಟುಕೊಡುವ ಗೋಡೆ. ಸಂಜೆ ಘಟ್ಟದ ಮೆಟ್ಟಿಲ ಮೇಲೆ ಕೂತರೆ ಬಟ್ಟೆ ಒಗೆಯುವವರು, ಈಜುವ ಹುಡುಗರು, ಸಂಧ್ಯಾವಂದನೆಯವರು ಎಲ್ಲರೂ ಒಂದೇ ನೀರಿನಲ್ಲಿ ಕಾಣುತ್ತಾರೆ. ಮರಾಠಿ ವಿಶ್ವಕೋಶ ರೂಪುಗೊಂಡದ್ದೂ ಇದೇ ಪುಟ್ಟ ಊರಿನಲ್ಲಿ, ತರ್ಕತೀರ್ಥ ಲಕ್ಷ್ಮಣಶಾಸ್ತ್ರಿ ಜೋಶಿಯವರ ಮುಂದಾಳುತನದಲ್ಲಿ.

ಮಾರನೆಯ ಬೆಳಿಗ್ಗೆ ಮೇಣವಲಿ. ಮೂರು ಕಿಲೋಮೀಟರ್, ಸೈಕಲ್ ಬಿಸಿಯಾಗುವ ಮೊದಲೇ ತಲುಪುತ್ತೀರಿ. ಪೇಶ್ವೆಗಳ ಮಂತ್ರಿ ನಾನಾ ಫಡಣವೀಸರ ವಾಡೆ, ಅದರ ಹಿಂದೆ ಅರ್ಧಚಂದ್ರನಂತೆ ಬಾಗಿದ ಕಲ್ಲಿನ ಘಟ್ಟ. ಅಲ್ಲಿ ತೂಗುವ ದೊಡ್ಡ ಗಂಟೆ ಗುಡಿಗೆಂದು ಎರಕ ಹೊಯ್ದದ್ದಲ್ಲ, ಇಗರ್ಜಿಯದು. 1739ರಲ್ಲಿ ಪೇಶ್ವೆ ಬಾಜೀರಾಯರ ತಮ್ಮ ಚಿಮಾಜಿ ಅಪ್ಪಾ ಪೋರ್ಚುಗೀಸರಿಂದ ವಸಯಿ ಕೋಟೆಯನ್ನು ಗೆದ್ದಾಗ ತಂದ ಗಂಟೆಗಳಲ್ಲಿ ಒಂದು. ಅಲ್ಲಿಂದ ಧೋಮ್ ಊರಿಗೆ ಹೋಗಿ. ಅಣೆಕಟ್ಟು ನೋಡದಿದ್ದರೂ ನಡೆಯುತ್ತದೆ, ಗುಡಿಯ ಮುಂದೆ ಆಮೆಯ ಬೆನ್ನಿನ ಮೇಲೆ ಕೂತ ನಂದಿಯನ್ನು ನೋಡದೆ ಬರಬೇಡಿ.

ಕೃಷ್ಣೆ ಹುಟ್ಟುವ ಜಾಗಕ್ಕೂ ಸೈಕಲ್ಲಿನಲ್ಲಿ ಹೋಗಬಹುದೇ?

ಪಸರಣಿ ಘಾಟ್ ಏರಿ ಪಂಚಗಣಿ, ಅಲ್ಲಿಂದ ಮಹಾಬಳೇಶ್ವರ, ಅಲ್ಲಿಂದ ಹಳೆಯ ಮಹಾಬಳೇಶ್ವರ ಕ್ಷೇತ್ರ. ಕೃಷ್ಣಾ, ಕೋಯನಾ, ವೇಣ್ಣಾ, ಸಾವಿತ್ರಿ, ಗಾಯತ್ರಿ ಎಂಬ ಐದೂ ನದಿಗಳ ನೀರು ಒಂದೇ ಗೋಮುಖದಿಂದ ಬೀಳುವ ಪಂಚಗಂಗಾ ಗುಡಿ ಇರುವುದು ಅಲ್ಲಿ. ಗಟ್ಟಿ ಕಾಲುಗಳಿದ್ದರೆ ವಾರದ ನಡುವೆ ಹೋಗಿ. ಶನಿವಾರ, ಭಾನುವಾರ ಆ ಘಾಟ್ ತುಂಬ ಪ್ರವಾಸಿಗರ ಕಾರು.

ವಾಯಿಯಿಂದ ನದಿಯ ಜೊತೆಗೇ ಕರ್ನಾಟಕದವರೆಗೆ ಹೋದವರಿದ್ದಾರೆಯೇ?

ಇದ್ದೇವೆ! ನಮ್ಮ ಗುಂಪಿನ ಅತಿ ಪ್ರೀತಿಯ ದಾರಿ ಇದು. ಅವಸರ ಮಾಡದೆ ನಾಲ್ಕೈದು ದಿನ ಇಟ್ಟುಕೊಳ್ಳಿ.

ಮೊದಲ ದಿನ ವಾಯಿಯಿಂದ ಸಾತಾರಾ. ಬರೀ ಮೂವತ್ತೈದು ಕಿಲೋಮೀಟರ್, ಆದ್ದರಿಂದ ನಡುವೆ ಲಿಂಬ ಗ್ರಾಮದಲ್ಲಿ ‘ಬಾರಾ ಮೋಟೆಚೀ ವಿಹೀರ್’ ನೋಡಲು ಸಮಯವಿರುತ್ತದೆ. ಹನ್ನೆರಡು ಕಪಿಲೆಗಳನ್ನು ಒಟ್ಟಿಗೇ ಹೂಡಿ ನೀರೆತ್ತಲು ಕಟ್ಟಿದ, ಒಳಗೆ ಅರಮನೆಯಂಥ ಮಾಳಿಗೆಯಿರುವ 18ನೆಯ ಶತಮಾನದ ಬಾವಿ. ಮಾವಿನ ತೋಪಿಗೆ ನೀರುಣಿಸಲು ಮಾಡಿದ್ದು ಎನ್ನುತ್ತಾರೆ. ಬೇಸಿಗೆಯಲ್ಲೂ ಅದರೊಳಗೆ ಇಳಿದರೆ ಮೈ ತಣ್ಣಗಾಗುತ್ತದೆ. ಸಾತಾರೆಯ ಪಕ್ಕದ ಸಂಗಮ ಮಾಹುಲಿಯಲ್ಲಿ ವೇಣ್ಣಾ ಬಂದು ಕೃಷ್ಣೆಯನ್ನು ಸೇರುತ್ತದೆ. ಪೇಶ್ವೆಗಳ ನ್ಯಾಯಾಧೀಶ ರಾಮಶಾಸ್ತ್ರಿ ಪ್ರಭುಣೆಯವರ ಊರು ಈ ಮಾಹುಲಿ.

ಎರಡನೆಯ ದಿನ ಕರಾಡ, ಐವತ್ತು ಕಿಲೋಮೀಟರಿಗಿಂತ ತುಸು ಹೆಚ್ಚು. ಶಾಸನಗಳ ಕರಹಾಟ ಇದೇ. ಇಲ್ಲಿ ಕೋಯನಾ ಮತ್ತು ಕೃಷ್ಣೆ ಪಕ್ಕದಿಂದ ಬಂದು ಸೇರುವುದಿಲ್ಲ. ಎದುರುಬದುರು ಬಂದು ಮುಖಾಮುಖಿಯಾಗಿ ಕೂಡಿ, ಒಟ್ಟಿಗೆ ಹೊರಳಿ ಹೋಗುತ್ತವೆ. ಅದಕ್ಕೇ ‘ಪ್ರೀತಿಸಂಗಮ’ ಎಂಬ ಹೆಸರು. ಮಹಾರಾಷ್ಟ್ರದ ಮೊದಲ ಮುಖ್ಯಮಂತ್ರಿ ಯಶವಂತರಾವ್ ಚವ್ಹಾಣರ ಸಮಾಧಿಯೂ ಅಲ್ಲೇ ಇದೆ. ನದಿಗಳು ಕೂಡುವ ಜಾಗ ನಾನು ಬೇಕಾದಷ್ಟು ನೋಡಿದ್ದೇನೆ, ಹೀಗೆ ಕೂಡುವುದನ್ನು ಬೇರೆಲ್ಲೂ ನೋಡಿಲ್ಲ.

ಕರಾಡದ ಕೆಳಗೆ ನೆಲ ಹಾಸಿದಂತೆ ಸಮ, ಎಲ್ಲೆಲ್ಲೂ ಕಬ್ಬು. ಭಿಲವಡಿ, ಔದುಂಬರದ ಕಡೆಯ ಹಳ್ಳಿ ದಾರಿ ಹಿಡಿದು ಸಾಂಗಲಿ, ಆಮೇಲೆ ಪಂಚಗಂಗೆ ಬಂದು ಕೂಡುವ ನರಸೋಬಾವಾಡಿ. ದತ್ತಭಕ್ತರಿಗೆ ಇದನ್ನು ವಿವರಿಸಬೇಕಿಲ್ಲ. ದತ್ತನ ಅವತಾರವೆಂದು ಪೂಜಿಸುವ ಗುರು ನರಸಿಂಹ ಸರಸ್ವತಿಯವರು ಔದುಂಬರದಲ್ಲಿ, ಮುಂದೆ ವಾಡಿಯಲ್ಲಿ ಇದ್ದು, ಕೊನೆಗೆ ನಮ್ಮ ಭೀಮಾ ದಂಡೆಯ ಗಾಣಗಾಪುರಕ್ಕೆ ಬಂದವರು. ಅವರ ಹಾದಿಯೂ ಹೊಳೆಯ ಹಾದಿಯೇ.

ಕೊನೆಗೆ ಖಿದ್ರಾಪುರ. ಶಿಲಾಹಾರರ ಕಾಲದ ಕೋಪೇಶ್ವರ ಗುಡಿ. ಸ್ವರ್ಗಮಂಟಪದ ಛಾವಣಿಯ ನಡುವೆ ದುಂಡಗೆ ತೆರೆದ ಆಕಾಶ, ಅದರ ಅಡಿಯಲ್ಲಿ ಅಷ್ಟೇ ಅಳತೆಯ ದುಂಡು ಕಲ್ಲು. ಗೋಡೆಯ ಬಳಿ ಹೋಗಿ ಶಾಸನಗಳನ್ನು ನೋಡಿ: ಹೆಚ್ಚಿನವು ಕನ್ನಡದಲ್ಲಿವೆ. ಐದು ದಿನ ಮರಾಠಿ ಫಲಕಗಳನ್ನೇ ಓದಿಕೊಂಡು ಬಂದ ಕಣ್ಣಿಗೆ ಆ ಹಳಗನ್ನಡದ ಅಕ್ಷರಗಳು ಕಂಡಾಗ ಆಗುವುದನ್ನು ನೀವೇ ಹೋಗಿ ಅನುಭವಿಸಬೇಕು. ಇನ್ನೊಂದು ಸೋಜಿಗ, ಶಿವನ ಗುಡಿಯಾದರೂ ಇಲ್ಲಿ ನಂದಿ ಇಲ್ಲ. ಆತ ಹೊಳೆಯಾಚೆ ಕರ್ನಾಟಕದ ಯಡೂರಿನಲ್ಲಿ ಕೂತಿದ್ದಾನೆ ಎಂದು ಜನ ಹೇಳುತ್ತಾರೆ. ಒಂದು ದಿನ ಹೆಚ್ಚು ಇದ್ದರೆ ಹುಡುಕಿಕೊಂಡು ಹೋಗಿ.

ಭೀಮಾ ದಂಡೆಯ ದಾರಿ ಹೇಗಿದೆ?

ನನ್ನ ಊರಿನ ದಾರಿ ಎಂದು ಹೊಗಳಲು ಆಸೆ, ಆದರೆ ಸುಳ್ಳು ಹೇಳಲಾರೆ: ಬಿಸಿಲು ಹೆಚ್ಚು, ನೆರಳು ಕಡಿಮೆ. ಥೇಊರ್, ದೌಂಡ, ಸಿದ್ಧಟೇಕ, ಭಿಗವಣ ಮಾರ್ಗವಾಗಿ ಹೋಗಿ. ಭಿಗವಣದಲ್ಲಿ ಉಜನಿ ಅಣೆಕಟ್ಟಿನ ಹಿನ್ನೀರಿಗೆ ಚಳಿಗಾಲದಲ್ಲಿ ರಾಜಹಂಸಗಳು ಬರುತ್ತವೆ. ಪಳಸದೇವದಲ್ಲಿ ಮುಳುಗಿದ ಹಳೆಯ ಗುಡಿ ನೀರು ಇಳಿದಾಗ ತಲೆಯೆತ್ತುತ್ತದೆ. ನೀರಾ ನದಿ ಭೀಮೆಯನ್ನು ಸೇರುವ ನರಸಿಂಗಪುರ ಆದ ಮೇಲೆ ಪಂಢರಪುರ. ಹೊಳೆ ಅಲ್ಲಿ ಚಂದ್ರನಂತೆ ಬಾಗುವುದರಿಂದ ಚಂದ್ರಭಾಗಾ. ಅಲ್ಲಿಗೇ ನಿಲ್ಲದೆ ಮಂಗಳವೇಢೆಗೂ ಹೋಗಿ. ಬಿಜ್ಜಳನ ಮಂಗಳವಾಡ ಅದು, ಕಲ್ಯಾಣಕ್ಕೆ ಹೋಗುವ ಮೊದಲು ಬಸವಣ್ಣನವರು ಇದ್ದ ಊರು.

ಎಂಥ ಸೈಕಲ್ ಬೇಕು?

ಮನೆಯಲ್ಲಿ ಇರುವುದೇ ಸಾಕು, ಎರಡು ಷರತ್ತು. ಟೈರ್ 32 ಮಿಲಿಮೀಟರಿಗಿಂತ ಸಪೂರ ಇರಬಾರದು, ಮತ್ತು ಅತಿ ಸಣ್ಣ ಗೇರಿನಲ್ಲಿ ಪೆಡಲ್ ಒಂದು ಸುತ್ತು ತಿರುಗಿದರೆ ಹಿಂಗಾಲಿಯೂ ಒಂದೇ ಸುತ್ತು ತಿರುಗಬೇಕು. ಎಂದರೆ ಮುಂದಿನ ಸಣ್ಣ ಚಕ್ರದ ಹಲ್ಲುಗಳು, ಹಿಂದಿನ ದೊಡ್ಡ ಚಕ್ರದ ಹಲ್ಲುಗಳು ಹೆಚ್ಚುಕಡಿಮೆ ಸಮ ಇರಬೇಕು. ಸಾಮಾನನ್ನು ಬೆನ್ನಿಗೆ ಹೊರಬೇಡಿ, ಕ್ಯಾರಿಯರ್ ಹಾಕಿಸಿ ಅದರ ಎರಡೂ ಬದಿಗೆ ತೂಗಿಸಿ. ಎಂಟು ಕಿಲೋ ದಾಟಿದರೆ ಚೀಲ ಬಿಚ್ಚಿ, ಎರಡನೆಯ ಪ್ಯಾಂಟನ್ನು ಹೊರಗಿಡಿ.

ಪಂಚರ್ ಆದರೆ ಹಳ್ಳಿಯಲ್ಲಿ ಯಾರಾದರೂ ಸಿಗುತ್ತಾರೆಯೇ?

ಸಿಗುತ್ತಾರೆ, ಕೈಯೂ ಚುರುಕು. ಆದರೆ ನಿಮ್ಮ ಗೇರ್ ಸೈಕಲ್ಲಿನ ಅಳತೆಯ ಟ್ಯೂಬ್ ಅವರಲ್ಲಿ ಇರುವುದಿಲ್ಲ, ಸಪೂರ ಕತ್ತಿನ ವಾಲ್ವಿಗೆ ಅವರ ಪಂಪೂ ಹೊಂದುವುದಿಲ್ಲ. ಎರಡು ಟ್ಯೂಬ್, ಪ್ಯಾಚು, ಪಂಪು, ಟೈರ್ ಬಿಚ್ಚುವ ಪಟ್ಟಿ ನಿಮ್ಮ ಬಳಿಯೇ ಇರಲಿ. ದಂಡೆಯ ದಾರಿಯ ನಿಜವಾದ ಶತ್ರು ಜಾಲಿ ಮುಳ್ಳು. ಹೊಸ ಟ್ಯೂಬ್ ಹಾಕುವ ಮುನ್ನ ಟೈರಿನ ಒಳಗೆ ಬೆರಳಾಡಿಸಿ ಮುಳ್ಳಿನ ಮೊನೆ ಹುಡುಕಿ ತೆಗೆಯಿರಿ. ಇಲ್ಲದಿದ್ದರೆ ಹತ್ತು ನಿಮಿಷಕ್ಕೆ ಮತ್ತೆ ಅದೇ ಕೆಲಸ.

ಯಾವ ತಿಂಗಳು?

ಅಕ್ಟೋಬರ್ ಕೊನೆಯಿಂದ ಫೆಬ್ರವರಿ. ಮಳೆಗಾಲದಲ್ಲಿ ಮಾವಳ ಸುಂದರ, ನಿಜ, ಆದರೆ ಕೃಷ್ಣಾ ದಂಡೆಗೆ ಆಗ ಹೋಗಬೇಡಿ. ತಗ್ಗು ಸೇತುವೆಗಳು ಮುಳುಗುತ್ತವೆ. 2019 ಮತ್ತು 2021ರಲ್ಲಿ ಸಾಂಗಲಿ ಪೇಟೆಯೊಳಗೇ ದೋಣಿ ಓಡಿತು. ಆಷಾಢದಲ್ಲಿ ದಿವೆ ಘಾಟ್, ಸಾಸವಡ, ಜೇಜುರಿ ದಾರಿ ಪಂಢರಪುರಕ್ಕೆ ನಡೆದು ಹೋಗುವ ಪಾಲಖಿಯ ವಾರಕರಿಗಳದ್ದು. ಆಗ ಸೈಕಲ್ ಮನೆಯಲ್ಲಿಟ್ಟು ನಡೆಯಿರಿ.

ಚಳಿಗಾಲಕ್ಕೂ ಒಂದು ತೊಂದರೆಯಿದೆ: ಕಬ್ಬು ಅರೆಯುವ ಕಾಲ ಅದು. ಎರಡೆರಡು ಟ್ರಾಲಿ ಕಟ್ಟಿದ ಟ್ರ್ಯಾಕ್ಟರುಗಳು, ಹಿಂದೆ ದೀಪವಿಲ್ಲ, ಹಾಡು ಮಾತ್ರ ಜೋರು. ಅವು ಹಾದುಹೋಗುವಾಗ ಪಕ್ಕಕ್ಕೆ ಇಳಿದು ನಿಂತುಬಿಡಿ. ಕತ್ತಲಾದ ಮೇಲೆ ಆ ದಾರಿಯಲ್ಲಿ ಸೈಕಲ್ ಬೇಡವೇ ಬೇಡ. ಸಮಾಧಾನವೆಂದರೆ ಆಲೆಮನೆಗಳೂ ಅದೇ ಕಾಲಕ್ಕೆ ಹೊಗೆಯಾಡುತ್ತವೆ. ನಿಲ್ಲಿಸಿ ಕೇಳಿದರೆ ಬಿಸಿ ಬೆಲ್ಲದ ಉಂಡೆಯೊಂದನ್ನು ಕೈಗಿಡದೆ ಕಳಿಸಿದವರನ್ನು ನಾನು ಕಂಡಿಲ್ಲ.

ಊಟ?

ಬೆಳಿಗ್ಗೆ ಪೋಹೆ, ಹನ್ನೊಂದಕ್ಕೆ ಕಬ್ಬಿನ ಹಾಲು, ಮಧ್ಯಾಹ್ನ ಪಿಠಲೆ ಭಾಕರಿ. ಭಾಕರಿ ಎಂದರೆ ನಮ್ಮ ಜೋಳದ ರೊಟ್ಟಿ, ಪಿಠಲೆ ನಮ್ಮ ಝುಣಕದ ತೆಳುವಾದ ತಮ್ಮ. ಖಾರದ ಮಿಸಳ್ ತಿಂದು ಘಾಟ್ ಏರಬೇಡಿ.

ರಾತ್ರಿ ತಂಗುವುದೆಲ್ಲಿ?

ತೀರ್ಥಕ್ಷೇತ್ರಗಳಲ್ಲಿ ಭಕ್ತನಿವಾಸಗಳು, ತಾಲ್ಲೂಕು ಊರುಗಳಲ್ಲಿ ಲಾಡ್ಜುಗಳು. ಕೋಣೆ ಹಿಡಿಯುವ ಮೊದಲೇ ‘ಸೈಕಲ್ ಒಳಗಿಡಲು ಬಿಡುತ್ತೀರಾ’ ಎಂದು ಕೇಳಿ. ಹಣ ಕಟ್ಟಿದ ಮೇಲಷ್ಟೇ ಕೇಳಿದ್ದರಿಂದ ರಾತ್ರಿಯೆಲ್ಲ ಕಿಟಕಿಯಿಂದ ಸೈಕಲ್ ಕಾದವನ ಮಾತು ಇದು.

ಮರಾಠಿ ಬರುವುದಿಲ್ಲ. ತೊಂದರೆಯಾಗುತ್ತದೆಯೇ?

ಪುಣೆಯಲ್ಲಿದ್ದೂ ಕಲಿತಿಲ್ಲವಾದರೆ ಇದೇ ಒಳ್ಳೆಯ ನೆಪ. ‘ದಾದಾ’, ‘ಕಾಕಾ’, ‘ಮಾವಶಿ’ ಎಂದು ಶುರು ಮಾಡಿದರೆ ಉಳಿದದ್ದು ಕೈಸನ್ನೆಯಲ್ಲೂ ನಡೆಯುತ್ತದೆ. ಸಾಂಗಲಿ ದಾಟಿದ ಮೇಲೆ ಕನ್ನಡದಲ್ಲೇ ಕೇಳಿ ನೋಡಿ. ವಾಡಿಯಲ್ಲಿ ನಾನು ಕಷ್ಟಪಟ್ಟು ಮರಾಠಿಯಲ್ಲಿ ದಾರಿ ಕೇಳಿದರೆ, ಹೂ ಮಾರುವ ಅಕ್ಕ ‘ಸೀದಾ ಹೋಗ್ರಿ’ ಎಂದರು.

ನಾಯಿಗಳು ಬೆನ್ನಟ್ಟಿದರೆ?

ಇಳಿದು, ಸೈಕಲ್ಲನ್ನು ನಡುವೆ ಇಟ್ಟುಕೊಂಡು, ಮೆಲ್ಲಗೆ ನಡೆಯಿರಿ. ಓಡುವುದನ್ನು ಅಟ್ಟುವುದು ಅವುಗಳ ಸ್ವಭಾವ, ನಿಂತದ್ದರಲ್ಲಿ ಅವಕ್ಕೆ ಆಸಕ್ತಿಯಿಲ್ಲ. ತೀರ ಸಿಟ್ಟು ಬಂದರೆ ಸಂಗಮ ಮಾಹುಲಿಗೆ ಹೋಗಿ: ಶಾಹು ಮಹಾರಾಜರ ಪ್ರೀತಿಯ ನಾಯಿಯದೆಂದು ತೋರಿಸುವ ಸಮಾಧಿಯೊಂದು ಅಲ್ಲಿದೆ.

ಮುಂಬೈ ಕಡೆಯಿಂದ ಬರುವವರು ಎಕ್ಸ್‌ಪ್ರೆಸ್‌ವೇ ಹಿಡಿಯಬಹುದೇ?

ಇಲ್ಲ, ಅಲ್ಲಿ ಸೈಕಲ್ಲಿಗೆ ಪ್ರವೇಶವಿಲ್ಲ. ಲೋಣಾವಳಾ ಮಾರ್ಗದ ಹಳೆಯ ರಸ್ತೆಯಲ್ಲಿ ಬನ್ನಿ.

ವಾಪಸು ಬರುವುದು ಹೇಗೆ?

ಖಿದ್ರಾಪುರದಿಂದ ಮೀರಜ್‌ಗೆ ತುಳಿದು, ಅಲ್ಲಿಂದ ರೈಲು. ಸೈಕಲ್ಲನ್ನು ಲಗೇಜ್ ಎಂದು ಕಾಯ್ದಿರಿಸಿದರೆ ರೈಲಿನ ಸಾಮಾನು ಡಬ್ಬಿಯಾದ ಬ್ರೇಕ್ ವ್ಯಾನಿನಲ್ಲಿ ಬರುತ್ತದೆ. ಹೊರಡುವ ಹೊತ್ತಿಗೆ ಎರಡು ತಾಸು ಮೊದಲೇ ಪಾರ್ಸಲ್ ಕಚೇರಿಗೆ ಹೋಗಿ. ಟಿಕೆಟ್, ಗುರುತಿನ ಚೀಟಿಯ ಪ್ರತಿ, ಗೋಣಿತಟ್ಟು, ಸುತಳಿ ಜೊತೆಗಿರಲಿ. ಪಂಪು, ಬಾಟಲಿ, ದೀಪ ಎಲ್ಲ ಬಿಚ್ಚಿ ಚೀಲಕ್ಕೆ ಹಾಕಿಕೊಳ್ಳಿ. ಹೆಸರು, ಎಲ್ಲಿಂದ, ಎಲ್ಲಿಗೆ ಎಂಬ ಚೀಟಿಯನ್ನು ಎರಡು ಕಡೆ ಕಟ್ಟಿ, ಒಂದು ಚೌಕಟ್ಟಿಗೆ, ಇನ್ನೊಂದು ಕ್ಯಾರಿಯರಿಗೆ. ನಾನು ಮೊದಲ ಸಲ ಒಂದೇ ಚೀಟಿಯನ್ನು ಸಡಿಲವಾಗಿ ಕಟ್ಟಿದ್ದೆ, ಅದು ದಾರಿಯಲ್ಲಿ ಬಿದ್ದುಹೋಗಿತ್ತು. ಪುಣೆಯಲ್ಲಿ ಇಳಿದು ಇದು ನನ್ನದೇ ಸೈಕಲ್ ಎಂದು ವಾದಿಸುತ್ತಿದ್ದಾಗ ಗುಮಾಸ್ತರು ಗುರುತು ಹೇಳಿ ಎಂದರು. ಹ್ಯಾಂಡಲ್ಲಿಗೆ ಜೇಜುರಿಯ ಅರಿಶಿನ ಎಂದೆ. ಗೋಣಿ ಸರಿಸಿ ನೋಡಿ, ಸಹಿ ಹಾಕಿಸಿಕೊಂಡು ಕೊಟ್ಟರು.